ಶರಬತ್ತಿನ ನೆತ್ತರು

ನಮ್ಮ ಕಾಲೇಜಿನ ಗೇಟಿನಿಂದ ಸಮುದ್ರಕ್ಕೆ ಎಂಟುನೂರು ಹೆಜ್ಜೆ.
ಅಳೆದಿದ್ದೇನೆ, ಚಪ್ಪಲಿ ಮೆಟ್ಟಿ ಒಮ್ಮೆ, ಬರಿಗಾಲಲ್ಲಿ ಒಮ್ಮೆ.
ಬೆಂಕಿ ಬಿದ್ದಾಗ ಬಾವಿ ತೋಡಬೇಡಿ ಎನ್ನುವ ಬುದ್ಧಿಮಾತು
ಪಡಾಂಗ್‌ನಲ್ಲಿ ನಡೆಯುವುದಿಲ್ಲ.
ಇಲ್ಲಿ ಬಾವಿಯೇ ಎದ್ದು ಮನೆಗೆ ಬರುತ್ತದೆ.

ಎರಡನೇ ವರ್ಷದ ನರ್ಸಿಂಗ್, ಮೂವತ್ತೊಂದು ಮಂದಿ.
ಹದಿನೈದು ಗಾಯಾಳುಗಳು, ಹದಿನೈದು ದಾದಿಯರು,
ಉಳಿದ ಒಬ್ಬಳು ಸೈರನ್ನು.
ನೆತ್ತರಿಗೆ ರೋಜಾ ಶರಬತ್ತು, ರಂಜಾನಿನಲ್ಲಿ ಉಳಿದದ್ದು,
ಗಟ್ಟಿಯಾಗಲೆಂದು ಒಂದು ಹಿಡಿ ಮರಗೆಣಸಿನ ಹಿಟ್ಟು.
ಮುರಿದ ಮೂಳೆಗೆ ಕೋಳಿಯ ಎಲುಬು;
ಕ್ಯಾಂಟೀನಿನಾಕೆ ತೊಳೆದು ಕೊಟ್ಟಳು, ಯಾಕೆಂದು ಕೇಳಲಿಲ್ಲ.

ಕೆಂಪು ಚೀಟಿ: ಈಗಲೇ.
ಹಳದಿ: ಕಾಯಬಹುದು.
ಹಸಿರು: ನಡೆಯಬಲ್ಲವರು. ನಡೆಯಲಿ, ಅಳುತ್ತಲೇ ನಡೆಯಲಿ.
ಕಪ್ಪು...
ಕಪ್ಪಿಗೆ ನಾನು ಹೆಚ್ಚು ವಿವರಿಸುವುದಿಲ್ಲ,
ನನ್ನ ನೋಟ್ಸಿನಲ್ಲೂ ಆ ಸಾಲು ಗಿಡ್ಡ.
ಒಬ್ಬರಿಗೆ ಅರ್ಧ ನಿಮಿಷ.
ಉಸಿರು ನೋಡು, ನಾಡಿ ಹಿಡಿ, ಕರೆದರೆ ಓಗೊಡುತ್ತಾರೆಯೇ ನೋಡು,
ಚೀಟಿ ಕಟ್ಟು, ಏಳು.
ಆ ‘ಏಳು’ ಅನ್ನುವುದೇ ಪಾಠ. ಉಳಿದದ್ದು ಪುಸ್ತಕದಲ್ಲಿದೆ.

ಸೈರನ್ನು ಕೂಗಿತು, ನಡುವೆ ಒಮ್ಮೆ ಕೆಮ್ಮಿ.
ಗಾಯಾಳುಗಳು ಬಲು ಚೆನ್ನಾಗಿ ಅರಚಿದರು;
ಯುಲಿಯಾರ್ತಿ ತನ್ನ ಮುರಿದ ಕಾಲು ಯಾವುದೆಂದು ಮರೆತು
ಎರಡನ್ನೂ ಹಿಡಿದುಕೊಂಡಳು. ನಕ್ಕರು. ನಾನೂ.

ದೇಸ್ರೀನಾಳಿಗೆ ಬಂದದ್ದು ಸತ್ತವಳ ಪಾತ್ರ.
ಆಟದಂಗಳದ ಮೂಲೆ, ಹನ್ನೊಂದರ ಬಿಸಿಲು,
ಹಣೆಯ ತುಂಬ ಶರಬತ್ತು.
ಅವಳ ಹತ್ತಿರ ಮೊದಲು ಬಂದದ್ದು ಇರುವೆ.
ಒಂದು, ಆಮೇಲೆ ಸಾಲು,
ಹಿಜಾಬಿನ ಅಂಚು ಹತ್ತಿ, ಹುಬ್ಬು ದಾಟಿ, ರೆಪ್ಪೆಯ ತುದಿಗೆ.
ಅವಳು ಅಲುಗಲಿಲ್ಲ.

ಜುಲ್ಹೆಂದ್ರಿ ಬಂದ. ಉಸಿರು ನೋಡಿದ, ಅವಳು ಬಿಗಿಹಿಡಿದಿದ್ದಳು.
ಕಪ್ಪು ಚೀಟಿ ಕಟ್ಟಿದ, ಗಂಟೂ ಸರಿಯಾಗಿಯೇ ಇತ್ತು.
ಏಳಲಿಲ್ಲ.
ಅಲ್ಲೇ ಕೂತು ಇರುವೆ ಹೆಕ್ಕತೊಡಗಿದ
ಒಂದೊಂದಾಗಿ, ಕೊಲ್ಲದೆ, ಸಿಮೆಂಟಿನ ಮೇಲೆ ಬಿಡುತ್ತ.
ಅತ್ತ ಇಬ್ಬರು ಕೆಂಪಿನವರು ಅವನಿಗಾಗಿ ಕಾದು ಕಾದು
ನಿಯಮದ ಪ್ರಕಾರ ಸತ್ತರು.

ಐದು ಅಂಕ ಕಳೆದೆ.
“ಬು ಯುಸ್ಮಾನಿಯಾರ್, ಅವಳ ಕಣ್ಣಿಗೆ ಹೋಗುತ್ತಿತ್ತು” ಎಂದ.
“ಸತ್ತವರಿಗೆ ಕಣ್ಣಿಲ್ಲ” ಎಂದೆ.
ಎಂದವಳು ನಾನೇ.

ಆ ಸಂಜೆ ನೆಲ ನಡುಗಿದಾಗ ನನಗೆ ಇಪ್ಪತ್ತೇಳು.
ಚೀಟಿಗಳು ಬೀರುವಿನಲ್ಲಿದ್ದವು,
ಬೀರು ಮೂರನೇ ಮಹಡಿಯಲ್ಲಿತ್ತು,
ಮೂರನೇ ಮಹಡಿ ಮೊದಲನೆಯದರ ಮೇಲೆ ಕೂತಿತ್ತು.
ಪರ್ಸಿನಲ್ಲಿ ಒಂದು ಲಿಪ್‌ಸ್ಟಿಕ್, ತಂಗಿಯ ಮದುವೆಗೆ ಕೊಂಡದ್ದು.
ಉಳಿಯಬಲ್ಲವರ ಹಣೆಗೆ ಒಂದೊಂದು ಗೆರೆ ಎಳೆಯುತ್ತ ಹೋದೆ.
ಇದ್ದದ್ದು ಒಂದೇ ಬಣ್ಣ.
ಗೆರೆಯಿಲ್ಲದೆ ದಾಟಿದವರಲ್ಲಿ ಒಬ್ಬ ಹುಡುಗ,
ಎದೆಯ ಕೆಳಗೆಲ್ಲ ಕಾಂಕ್ರೀಟಿನ ತೊಲೆ,
ನನ್ನ ಬೆರಳುಗಳನ್ನು ನೋಡಿದ, ಆಮೇಲೆ ನನ್ನನ್ನು.
“ಅಕ್ಕಾ, ನನಗೂ” ಎಂದ,
ಮಿಠಾಯಿ ಹಂಚುವಾಗ ಕೇಳುವ ಹಾಗೆ.
ಅರ್ಧ ನಿಮಿಷ ಮುಗಿದಿತ್ತು.
ಎದ್ದೆ.

ಇದು ನೋಟ್ಸಿನಲ್ಲಿ ಇಲ್ಲ.

ಮಧ್ಯಾಹ್ನ ಎಲ್ಲರೂ ನಲ್ಲಿಯ ಕೆಳಗೆ ನೆತ್ತರು ತೊಳೆದುಕೊಂಡರು,
ಕೆಲವರು ಬೆರಳು ನೆಕ್ಕಿದರು.
ದೇಸ್ರೀನಾಳ ಹುಬ್ಬು ಊದಿದೆ, ಅವಳಿಗದು ಹೆಮ್ಮೆ;
ಕಪ್ಪು ಚೀಟಿಯನ್ನು ಔಷಧಶಾಸ್ತ್ರದ ಪುಸ್ತಕದಲ್ಲಿ
ಪುಟದ ಗುರುತಿಗೆ ಇಟ್ಟುಕೊಂಡಿದ್ದಾಳೆ.

ವರದಿಯ ಕೊನೆಗೆ ‘ಮುಂದಿನ ವರ್ಷಕ್ಕೆ ಸಲಹೆ’ ಎಂಬ ಕಾಲಂ.
ಬರೆದೆ: ಶರಬತ್ತಿನ ಬದಲು ಬಣ್ಣದ ನೀರು, ಇರುವೆ ಬಾರದಂತೆ.
ಸಹಿ ಹಾಕಿದೆ.
ಕಿಟಕಿಯಾಚೆ ಅಂಗಳದ ಮೂಲೆಯಲ್ಲಿ
ಯಾರೂ ಮಲಗಿರದ ಜಾಗಕ್ಕೆ ಸಾಲು ಇನ್ನೂ ಹೋಗುತ್ತಿತ್ತು.
ಬರೆದದ್ದನ್ನು ಹೊಡೆದುಹಾಕಿದೆ.
ಇರುವೆ ಬರಲಿ.

ಐದು ಅಂಕ ಮಾತ್ರ ಕಳೆದ ಹಾಗೇ ಇದೆ.